ವೈಜ್ಞಾನಿಕ ಉಪಕರಣಗಳ ಫೈಲ್ ಪರಿವರ್ತನೆ

ಪ್ರಯೋಗಾಲಯದ ಉಪಕರಣಗಳು ತಯಾರಕರ ಖಾಸಗಿ ವಿನ್ಯಾಸದಲ್ಲಿ ಬರೆದಿಡುವ ಅಳತೆಗಳನ್ನು ಲಿನಕ್ಸ್‌ನಂಥ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ತೆರೆದು, ಎಲ್ಲರೂ ಓದಬಲ್ಲ ರೂಪಕ್ಕೆ ತರುವ ಕೆಲಸವನ್ನು ಫೈಲ್ ಪರಿವರ್ತನೆ ಎನ್ನುತ್ತಾರೆ. ಮಾಸ್ ಸ್ಪೆಕ್ಟ್ರೋಮೀಟರ್, ಎಕ್ಸ್-ರೇ ಡಿಫ್ರಾಕ್ಟೋಮೀಟರ್, ಕಾನ್‌ಫೋಕಲ್ ಮೈಕ್ರೋಸ್ಕೋಪ್ ಮೊದಲಾದವು ಸಾಮಾನ್ಯವಾಗಿ ತಮ್ಮದೇ ಕಂಪ್ಯೂಟರಿನೊಂದಿಗೆ ಬರುತ್ತವೆ. ಅದರಲ್ಲಿ ಬಹುಮಟ್ಟಿಗೆ ವಿಂಡೋಸ್ ಇರುತ್ತದೆ, ಅದರ ಮೇಲೆ ಕಂಪನಿಯ ತಂತ್ರಾಂಶ. ಅಳತೆ ಮುಗಿದ ಮೇಲೆ ಉಳಿಯುವ ಫೈಲು ಪ್ರಯೋಗ ಮಾಡಿದವರದು. ಅದನ್ನು ತೆರೆಯುವ ತಂತ್ರಾಂಶ ಮಾತ್ರ ಕಂಪನಿಯದು, ಪರವಾನಗಿಯೂ ಒಂದೆರಡು ಕಂಪ್ಯೂಟರಿಗಷ್ಟೇ. ಮುಂದಿನ ಲೆಕ್ಕಾಚಾರ ನಡೆಯುವುದಾದರೋ ಲಿನಕ್ಸ್ ಸರ್ವರುಗಳಲ್ಲಿ, ಪೈಥಾನ್ ಅಥವಾ ಆರ್ ಭಾಷೆಯಲ್ಲಿ. ಹೀಗಾಗಿ ಅಳೆದ ಜಾಗದಿಂದ ಲೆಕ್ಕ ಹಾಕುವ ಜಾಗಕ್ಕೆ ಫೈಲನ್ನು ದಾಟಿಸುವುದೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ.

ಕನ್ನಡ ಓದುಗರಿಗೆ ಈ ತೊಡಕು ತೀರ ಅಪರಿಚಿತವಲ್ಲ. ನುಡಿ, ಶ್ರೀಲಿಪಿ ಕಾಲದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಪರಿವರ್ತಕಗಳು ಬಂದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪುತ್ತಿದ್ದವು. ಉಪಕರಣದ ಫೈಲಿನಲ್ಲೂ ಇಂಥದ್ದೇ ಆಗುತ್ತದೆ. ಅಕ್ಷರ ಕೆಟ್ಟರೆ ಓದುವಾಗ ಗೊತ್ತಾಗುತ್ತದೆ, ಅಂಕಿ ಕೆಟ್ಟರೆ ಗೊತ್ತಾಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಬ್ಯಾಲಾಳಿನ ದಾರಿ

ಖಾಸಗಿ ವಿನ್ಯಾಸದ ತೊಡಕೇ ಇಲ್ಲದ ಉದಾಹರಣೆಯೊಂದು ಬೆಂಗಳೂರಿನ ಹತ್ತಿರದಲ್ಲೇ ಇದೆ. ಸೋಲೂರು ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ, ನೆಲಮಂಗಲ ದಾಟಿ ಕುಣಿಗಲ್ಲಿಗೆ ಹೋಗುವಾಗ ಸಿಗುವ ಹೋಬಳಿ ಕೇಂದ್ರ. ಅಲ್ಲಿಂದ ಆಗ್ನೇಯಕ್ಕೆ, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಬ್ಯಾಲಾಳು ಎಂಬ ಹಳ್ಳಿಯಿದೆ. ಇಸ್ರೋದ ದೂರ ಬಾಹ್ಯಾಕಾಶ ಜಾಲದ 32 ಮೀಟರ್ ಮತ್ತು 18 ಮೀಟರ್ ಅಗಲದ ಆಂಟೆನಾಗಳು ಇಲ್ಲೇ ನಿಂತಿವೆ. ಚಂದ್ರಯಾನ-1 ಹಾರಿದ 2008ರ ಅಕ್ಟೋಬರ್ 22ಕ್ಕೆ ಕೆಲವೇ ದಿನ ಮೊದಲು ಈ ನೆಲೆ ಉದ್ಘಾಟನೆಯಾಯಿತು. ಆಂಟೆನಾಗಳ ಪಕ್ಕದಲ್ಲೇ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. ಚಂದ್ರಯಾನ, ಮಂಗಳಯಾನ, ಆಸ್ಟ್ರೋಸ್ಯಾಟ್, ಆದಿತ್ಯ-ಎಲ್1 ಇವುಗಳ ಉಪಕರಣಗಳು ಅಳೆದದ್ದು ಕಾಪಿಟ್ಟು ಹಂಚಿಕೆಯಾಗುವುದು ಇಲ್ಲಿಂದ.

ಈ ಉಪಕರಣಗಳ ಫೈಲುಗಳನ್ನು ಲಿನಕ್ಸ್‌ನಲ್ಲಿ ತೆರೆಯಲು ಯಾರ ಅನುಮತಿಯೂ ಬೇಡ. ಚಂದ್ರನ ದತ್ತಾಂಶ ಪಿಡಿಎಸ್ ಎಂಬ ಗ್ರಹವಿಜ್ಞಾನದ ಮಾನಕದಲ್ಲಿದೆ. ಆಸ್ಟ್ರೋಸ್ಯಾಟ್‌ನ ಕ್ಷ-ಕಿರಣ ಮತ್ತು ನೇರಳಾತೀತ ದತ್ತಾಂಶ ಫಿಟ್ಸ್ ಮಾನಕದಲ್ಲಿದೆ. ಪಿಡಿಎಸ್‌ನಲ್ಲಿ ಅಂಕಿಗಳ ಫೈಲಿನ ಜೊತೆಗೆ ಒಂದು ಲೇಬಲ್ ಇರುತ್ತದೆ. ಎಷ್ಟು ಸಾಲು, ಸಾಲಿಗೆ ಎಷ್ಟು ಬೈಟು, ಬೈಟುಗಳ ಅನುಕ್ರಮ ಯಾವುದು, ಏಕಮಾನ ಯಾವುದು ಎಲ್ಲವನ್ನೂ ಅದು ಸರಳ ಪಠ್ಯದಲ್ಲೇ ಹೇಳುತ್ತದೆ. ನಕ್ಷೆ ಕೆಲಸದವರು ದಿನವೂ ಬಳಸುವ ಜಿಡಾಲ್ ಎಂಬ ಮುಕ್ತ ತಂತ್ರಾಂಶ ಅದನ್ನು ಓದುತ್ತದೆ. ಫಿಟ್ಸ್ ಇನ್ನೂ ಹಳೆಯದು. ವೆಲ್ಸ್, ಗ್ರೈಸನ್ ಮತ್ತು ಹಾರ್ಟನ್ ಅದನ್ನು ಪ್ರಕಟಿಸಿದ್ದು 1981ರಲ್ಲಿ. ಪ್ರತಿ ಸಾಲಿಗೆ 80 ಅಕ್ಷರ, ಪ್ರತಿ ಖಂಡಕ್ಕೆ 2880 ಬೈಟು: ಪಂಚ್ ಕಾರ್ಡ್ ಮತ್ತು ಮ್ಯಾಗ್ನೆಟಿಕ್ ಟೇಪ್ ಕಾಲದ ಈ ಅಳತೆಗಳನ್ನು ಇಂದಿಗೂ ಬದಲಿಸಿಲ್ಲ. ಒಮ್ಮೆ ಫಿಟ್ಸ್ ಎಂದು ಒಪ್ಪಿದ ಫೈಲು ಮುಂದೆಂದೂ ಅಸಿಂಧುವಾಗಬಾರದು ಎಂಬುದು ಆ ಸಮುದಾಯದ ಕಟ್ಟುನಿಟ್ಟು. ಅಂದು ಬರೆದ ಫೈಲು ಇಂದಿನ ಉಬುಂಟುವಿನಲ್ಲೂ ತೆರೆಯುತ್ತದೆ.

ಖಗೋಳದವರು ಇದನ್ನು ಸಾಧಿಸಿದ್ದಕ್ಕೆ ಕಾರಣ ಅವರ ಔದಾರ್ಯವಷ್ಟೇ ಅಲ್ಲ. ಉಪಗ್ರಹದ ಉಪಕರಣವನ್ನು ಅಂಗಡಿಯಲ್ಲಿ ಕೊಳ್ಳಲಾಗದು. ವಿಜ್ಞಾನಿಗಳೇ ಕೂತು ಕಟ್ಟುತ್ತಾರೆ, ಅದರ ಅಳತೆಯನ್ನು ಹತ್ತಾರು ಸಂಸ್ಥೆಗಳು ಹಂಚಿಕೊಳ್ಳಬೇಕು. ಹಾಗಾಗಿ ಫೈಲು ಹೇಗಿರಬೇಕೆಂಬ ಮಾತುಕತೆ ಉಡಾವಣೆಗೆ ಮೊದಲೇ ಮುಗಿದಿರುತ್ತದೆ. ಬೆಂಗಳೂರಿನ ಪ್ರಯೋಗಾಲಯದ ಮೇಜಿನ ಮೇಲೆ ಕೂರುವ ಉಪಕರಣದ ಕಥೆ ತಿರುಗುಮುರುಗು. ಅಲ್ಲಿ ಫೈಲಿನ ವಿನ್ಯಾಸ ಉಪಕರಣದ ಜೊತೆಗೆ ಪೆಟ್ಟಿಗೆಯಲ್ಲೇ ಬರುತ್ತದೆ. ಕೊಂಡವರು ಅದರ ಬಗ್ಗೆ ಯೋಚಿಸುವುದು ಸಾಮಾನ್ಯವಾಗಿ ವಾರ್ಷಿಕ ನಿರ್ವಹಣಾ ಒಪ್ಪಂದ (ಎಎಂಸಿ) ಮುಗಿದ ಮೇಲೆ.

ತಯಾರಕರ ಪರವಾಗಿ ಒಂದು ಮಾತು ಹೇಳಲೇಬೇಕು. ಸೆಕೆಂಡಿಗೆ ಹಲವು ರೋಹಿತಗಳನ್ನು ಬರೆಯುವ ಯಂತ್ರಕ್ಕೆ ವೇಗ ಮುಖ್ಯ. ತನ್ನ ಎಲೆಕ್ಟ್ರಾನಿಕ್ಸಿಗೆ ಹೊಂದುವಂತೆ ಬೈಟುಗಳನ್ನು ಜೋಡಿಸಿಕೊಳ್ಳುವುದು ತಾಂತ್ರಿಕವಾಗಿ ಸರಿಯೇ. ಆದರೆ ಆ ಜೋಡಣೆಯ ವಿವರಣೆಯನ್ನು ಮುಚ್ಚಿಡಲು ವೇಗ ಕಾರಣವಾಗುವುದಿಲ್ಲ. ಅದು ವ್ಯಾಪಾರದ ನಿರ್ಧಾರ.

ಫೈಲಿನ ಒಳಗೆ

ಲಿನಕ್ಸ್‌ನಲ್ಲಿ ಅಪರಿಚಿತ ಫೈಲೊಂದು ಕೈಗೆ ಬಂದಾಗ ಮೊದಲು ಮಾಡುವ ಕೆಲಸ ಅದರ ಆರಂಭದ ಬೈಟುಗಳನ್ನು ಹೆಕ್ಸ್‌ಡಂಪ್ ಆದೇಶದಿಂದ ನೋಡುವುದು. ಥರ್ಮೋ ಕಂಪನಿಯ ಆರ್ಬಿಟ್ರ್ಯಾಪ್ ಎಂಬ ಮಾಸ್ ಸ್ಪೆಕ್ಟ್ರೋಮೀಟರ್ ಬರೆದ ‘ರಾ’ ಫೈಲಾದರೆ ಮೊದಲ ಎರಡು ಬೈಟು 01 ಮತ್ತು ಎ1. ಅದರ ಬೆನ್ನಿಗೇ ‘ಫಿನಿಗನ್’ ಎಂಬ ಎಂಟು ರೋಮನ್ ಅಕ್ಷರಗಳು, ಒಂದೊಂದಕ್ಕೆ ಎರಡೆರಡು ಬೈಟಿನಂತೆ ಹದಿನಾರು ಬೈಟು. ಫಿನಿಗನ್ 1967ರಲ್ಲಿ ಶುರುವಾದ ಅಮೆರಿಕದ ಮಾಸ್ ಸ್ಪೆಕ್ಟ್ರೋಮೀಟರ್ ಕಂಪನಿ. ಥರ್ಮೋ ಅದನ್ನು 1990ರಲ್ಲಿ ಕೊಂಡಿತು. ಹೊಸ ಯಂತ್ರವೂ ಇಂದಿಗೂ ತನ್ನ ಫೈಲಿನ ಮೇಲೆ ಹಳೆಯ ಯಜಮಾನನ ಹೆಸರನ್ನೇ ಬರೆಯುತ್ತದೆ.

ಫೈಲಿನ ಹೆಸರಿನ ಬಾಲ ನೋಡಿ ನಿರ್ಧರಿಸುವಂತಿಲ್ಲ. ಥರ್ಮೋದ ‘ರಾ’ ಒಂದೇ ಫೈಲು. ವಾಟರ್ಸ್ ಕಂಪನಿಯ ‘ರಾ’ ಹಲವು ಫೈಲುಗಳಿರುವ ಒಂದು ಫೋಲ್ಡರು. ಬ್ರೂಕರ್ ಡಿಫ್ರಾಕ್ಟೋಮೀಟರಿನ ‘ರಾ’ ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು. ಬಾಲ ‘ಡಿ’ ಎಂದಿದ್ದರೆ ಅದು ಅಜಿಲೆಂಟ್‌ನ ಫೋಲ್ಡರೂ ಆಗಿರಬಹುದು, ಬ್ರೂಕರ್‌ನದೂ ಆಗಿರಬಹುದು. ಪೆನ್‌ಡ್ರೈವಿಗೆ ಹಾಕಿಕೊಳ್ಳುವಾಗ ಫೋಲ್ಡರಿನೊಳಗಿನ ದೊಡ್ಡ ಫೈಲನ್ನಷ್ಟೇ ಎಳೆದುಕೊಂಡು ಬರುವವರು ಪ್ರತಿ ಪ್ರಯೋಗಾಲಯದಲ್ಲೂ ಇರುತ್ತಾರೆ. ಕ್ಯಾಲಿಬ್ರೇಷನ್ ಇದ್ದ ಚಿಕ್ಕ ಫೈಲು ಯಂತ್ರದ ಬಳಿಯೇ ಉಳಿದುಹೋಗುತ್ತದೆ.

ಮುಚ್ಚಿದಂತೆ ಕಾಣುವ ಎಷ್ಟೋ ಫೈಲುಗಳು ಅಷ್ಟೇನೂ ಮುಚ್ಚಿರುವುದಿಲ್ಲ. ರಿಗಾಕು ಮತ್ತು ಬ್ರೂಕರ್‌ನ ಹೊಸ ಎಕ್ಸ್-ರೇ ಫೈಲುಗಳು ಜಿಪ್ ಕಟ್ಟುಗಳು. ಅನ್‌ಜಿಪ್ ಮಾಡಿದರೆ ಒಳಗಿನ ಪಠ್ಯ ಸಿಗುತ್ತದೆ. ಸೈಸ್ ಮತ್ತು ಒಲಿಂಪಸ್ ಮೈಕ್ರೋಸ್ಕೋಪುಗಳ ಕೆಲವು ಹಳೆಯ ಫೈಲುಗಳು, ಸೈಎಕ್ಸ್ ಕಂಪನಿಯ ‘ವಿಫ್’ ಫೈಲುಗಳು ಮೈಕ್ರೋಸಾಫ್ಟ್‌ನ ಹಳೆಯ ವರ್ಡ್ ದಾಖಲೆಗಳು ಬಳಸುತ್ತಿದ್ದ ಒಎಲ್‌ಇ ಕಟ್ಟಿನಲ್ಲೇ ಇವೆ. ಬ್ರೂಕರ್‌ನ ಟಿಮ್ಸ್‌ಟಾಫ್ ಎಂಬ ಮಾಸ್ ಸ್ಪೆಕ್ಟ್ರೋಮೀಟರಿನ ಫೋಲ್ಡರಿನಲ್ಲಿ ಇರುವುದು ಎರಡು ಮುಖ್ಯ ಫೈಲು: ಒಂದು ಎಸ್‌ಕ್ಯೂಲೈಟ್ ಡೇಟಾಬೇಸು, ಇನ್ನೊಂದು ಒತ್ತಿ ಕಟ್ಟಿದ ಬೈನರಿ. ಡೇಟಾಬೇಸನ್ನು ಯಾವ ಲಿನಕ್ಸ್ ಯಂತ್ರದಲ್ಲೂ ತೆರೆದು ಕೋಷ್ಟಕಗಳನ್ನು ಓದಬಹುದು. ಹೊರಗಿನ ಕಟ್ಟು ಬಿಚ್ಚಿದೊಡನೆ ಕೆಲಸ ಮುಗಿಯಿತೆಂದಲ್ಲ; ಒಳಗಿನ ಅಂಕಿಗಳಿಗೆ ಅರ್ಥ ಹಚ್ಚುವುದು ಬೇರೆಯೇ ಶ್ರಮ.

ವೈಟ್‌ಫೀಲ್ಡಿನ ಪ್ರೋಟೀನ್ ನಕ್ಷೆ

ಕರ್ನಾಟಕದಲ್ಲಿ ಈ ವಿಷಯಕ್ಕೆ ಸಿಗುವ ಅತಿ ದೊಡ್ಡ ಉದಾಹರಣೆ ಬೆಂಗಳೂರು ವೈಟ್‌ಫೀಲ್ಡಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್. 2002ರಲ್ಲಿ ಅಖಿಲೇಶ್ ಪಾಂಡೆ ಹುಟ್ಟುಹಾಕಿದ ಈ ಸಂಸ್ಥೆ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದೊಂದಿಗೆ ಸೇರಿ ಮಾನವ ಪ್ರೋಟೀನುಗಳ ಕರಡು ನಕ್ಷೆಯೊಂದನ್ನು ಸಿದ್ಧಪಡಿಸಿತು. 2014ರ ಮೇ 29ರ ‘ನೇಚರ್’ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ವಯಸ್ಕರ 17 ಅಂಗಾಂಶ, ಭ್ರೂಣದ 7 ಅಂಗಾಂಶ, ರಕ್ತದ 6 ಬಗೆಯ ಜೀವಕೋಶ, ಒಟ್ಟು 30 ಮಾದರಿಗಳು. 17,294 ಜೀನ್‌ಗಳು ಸಂಕೇತಿಸುವ ಪ್ರೋಟೀನುಗಳು ಸಿಕ್ಕವು. ಆಗ ಗುರುತಿಸಿದ್ದ ಪ್ರೋಟೀನ್ ಜೀನ್‌ಗಳಲ್ಲಿ ಇದು ಸುಮಾರು ಶೇ. 84. ಯಂತ್ರಗಳು ಥರ್ಮೋದ ಆರ್ಬಿಟ್ರ್ಯಾಪ್‌ಗಳು. ಎರಡು ಸಾವಿರಕ್ಕೂ ಮೀರಿದ ಓಟಗಳಿಂದ ಬಂದದ್ದು ಸುಮಾರು ಎರಡೂವರೆ ಕೋಟಿ ರೋಹಿತಗಳು, ಎಲ್ಲವೂ ‘ರಾ’ ಫೈಲುಗಳಲ್ಲಿ.

ಆ ಫೈಲುಗಳನ್ನು ಪ್ರೋಟಿಯೋಮ್‌ಎಕ್ಸ್‌ಚೇಂಜ್ ಭಂಡಾರದಲ್ಲಿ ಸಾರ್ವಜನಿಕವಾಗಿ ಇರಿಸಲಾಯಿತು. ಮುಕ್ತ ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಆದರೆ ಅಂದು ಅದನ್ನು ಇಳಿಸಿಕೊಂಡ ಲಿನಕ್ಸ್ ಬಳಕೆದಾರರಿಗೆ ನೇರ ದಾರಿ ಇರಲಿಲ್ಲ. ಥರ್ಮೋ ಉಚಿತವಾಗಿ ಕೊಡುತ್ತಿದ್ದ ಓದುವ ಲೈಬ್ರರಿ ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಅದನ್ನು ಬಳಸಿಕೊಂಡು ಪ್ರೋಟಿಯೋವಿಜಾರ್ಡ್ ಎಂಬ ಮುಕ್ತ ತಂತ್ರಾಂಶದ ‘ಎಂಎಸ್‌ಕನ್ವರ್ಟ್’ ವಿಂಡೋಸ್ ಯಂತ್ರದಲ್ಲಿ ಪರಿವರ್ತನೆ ಮಾಡಿಕೊಡುತ್ತಿತ್ತು. ನಂತರ ಫೈಲನ್ನು ಲಿನಕ್ಸ್ ಕ್ಲಸ್ಟರಿಗೆ ಸಾಗಿಸಬೇಕಿತ್ತು. ಮುಂದೆ ಥರ್ಮೋ ತನ್ನ ಲೈಬ್ರರಿಯನ್ನು ಡಾಟ್‌ನೆಟ್ ಎಂಬ ತಂತ್ರಾಂಶ ವೇದಿಕೆಗೆ ತಂದಿತು, ಡಾಟ್‌ನೆಟ್ ಲಿನಕ್ಸ್‌ನಲ್ಲೂ ಓಡತೊಡಗಿತು. ಅದರ ಮೇಲೆ ಕಟ್ಟಿದ ಥರ್ಮೋರಾಫೈಲ್‌ಪಾರ್ಸರ್ ಎಂಬ ಉಪಕರಣದ ಪ್ರಬಂಧ 2020ರಲ್ಲಿ ಬಂತು. ಈಗ ಸಾವಿರಾರು ‘ರಾ’ ಫೈಲುಗಳನ್ನು ಒಂದೇ ಆದೇಶದಲ್ಲಿ, ಮೌಸ್ ಮುಟ್ಟದೆ, ಸರ್ವರಿನಲ್ಲೇ ಪರಿವರ್ತಿಸಬಹುದು.

ಪರಿವರ್ತಿಸಿ ತಲುಪುವ ರೂಪದ ಹೆಸರು ಎಂಝಡ್‌ಎಂಎಲ್. ಸಿಯಾಟಲ್‌ನ ಇನ್‌ಸ್ಟಿಟ್ಯೂಟ್ ಫಾರ್ ಸಿಸ್ಟಮ್ಸ್ ಬಯಾಲಜಿ 2004ರಲ್ಲಿ ಎಂಝಡ್‌ಎಕ್ಸ್‌ಎಂಎಲ್ ತಂದಿತ್ತು. ಪ್ರೋಟೀನ್ ವಿಜ್ಞಾನಿಗಳ ಮಾನಕ ಸಮಿತಿ ಎಂಝಡ್‌ಡೇಟಾ ಎಂಬ ಇನ್ನೊಂದನ್ನು ತಂದಿತ್ತು. ಮುಕ್ತ ಮಾನಕವೇ ಎರಡಾಗಿ ಕೂತರೆ ಪ್ರಯೋಜನವೇನು? 2008ರಲ್ಲಿ ಎರಡನ್ನೂ ಕೂಡಿಸಿ ಎಂಝಡ್‌ಎಂಎಲ್ ಮಾಡಿದರು. ಇದು ಎಕ್ಸ್‌ಎಂಎಲ್ ಪಠ್ಯ. ಅಂಕಿಗಳ ಸಾಲನ್ನು ಮಾತ್ರ ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳನ್ನಾಗಿ ಬರೆಯುತ್ತಾರೆ. ಮೂರು ಬೈಟಿಗೆ ನಾಲ್ಕು ಅಕ್ಷರ ಬೇಕಾಗುವುದರಿಂದ ಗಾತ್ರ ಮೂರನೇ ಒಂದು ಪಾಲು ಹಿಗ್ಗುತ್ತದೆ. ಅದಕ್ಕೇ ಒಳಗೆ ಕಂಪ್ರೆಸ್ ಮಾಡುವ ಅವಕಾಶವೂ ಇದೆ. ಪರಿವರ್ತಿಸಿದ ಫೈಲು ಮೂಲಕ್ಕಿಂತ ದೊಡ್ಡದಾಯಿತೆಂದು ಗಾಬರಿಯಾಗುವ ಹೊಸಬರಿಗೆ ಉತ್ತರ ಇಲ್ಲಿದೆ. ಮೂಲ ಫೈಲಿನ ಹೆಸರು, ಅದರ ಶಾ-1 ಚೆಕ್‌ಸಮ್, ಯಾವ ತಂತ್ರಾಂಶದ ಯಾವ ಆವೃತ್ತಿ ಪರಿವರ್ತಿಸಿತು ಎಂಬುದನ್ನೂ ಬರೆದಿಡಲು ಅದರಲ್ಲಿ ಜಾಗವಿದೆ.

ಇಷ್ಟು ಶ್ರಮದ ಫಲ ಏನೆಂಬುದು ಅದೇ 2014ರಲ್ಲಿ ಕಂಡಿತು. ಬೆಂಗಳೂರು–ಬಾಲ್ಟಿಮೋರ್ ನಕ್ಷೆಯ ಜೊತೆಗೆ ಮ್ಯೂನಿಕ್‌ನ ತಂಡವೊಂದರ ನಕ್ಷೆಯೂ ಅದೇ ‘ನೇಚರ್’ ಸಂಚಿಕೆಯಲ್ಲಿತ್ತು. ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕ ಪ್ರೋಟೀನುಗಳು ಮೂಗಿಗೆ ಸಂಬಂಧವಿಲ್ಲದ ಅಂಗಾಂಶಗಳಲ್ಲೂ ಸಿಕ್ಕಿವೆಯೆಂದು ಎರಡರಲ್ಲೂ ಕಂಡಾಗ, ಸ್ಪೇನ್‌ನ ಸಂಶೋಧಕರು ಅದನ್ನು ಹಿಡಿದು ಗುರುತಿಸುವಿಕೆಯ ಕಟ್ಟುನಿಟ್ಟು ಸಾಲದೆಂದು ವಾದಿಸಿದರು. ವಾದದ ಸರಿತಪ್ಪು ಏನೇ ಇರಲಿ, ದೂರದ ಊರಿನಲ್ಲಿ ಕೂತವರು ಮೂಲ ರೋಹಿತವನ್ನೇ ತೆರೆದು ಇದು ಹೌದೋ ಅಲ್ಲವೋ ಎಂದು ನೋಡಲು ಸಾಧ್ಯವಾಗಬೇಕಾದರೆ ಫೈಲು ಭಂಡಾರದಲ್ಲಿದ್ದರೆ ಸಾಲದು, ತೆರೆಯಲೂ ಬರಬೇಕು.

ನಾಲ್ಕು ಬಗೆ

ಲಿನಕ್ಸ್ ಬಳಕೆದಾರರು ಇಂದು ಹಿಡಿಯುವ ದಾರಿಗಳು ಹೆಚ್ಚುಕಡಿಮೆ ನಾಲ್ಕು. ಎಲ್ಲಕ್ಕಿಂತ ಸುಲಭವಾದದ್ದು ಉಪಕರಣದ ಕಂಪ್ಯೂಟರಿನಲ್ಲೇ ಎಕ್ಸ್‌ಪೋರ್ಟ್ ಒತ್ತಿ ಸಿಎಸ್‌ವಿ ಅಥವಾ ಪಠ್ಯ ಫೈಲು ಪಡೆಯುವುದು. ಹತ್ತು ಫೈಲಿದ್ದರೆ ಸರಿ, ಸಾವಿರವಿದ್ದರೆ ಕೈ ಸೋಲುತ್ತದೆ. ಅಲ್ಲದೆ ಎಕ್ಸ್‌ಪೋರ್ಟಿನಲ್ಲಿ ಏನು ಬಿಡಬೇಕು ಏನು ಇಡಬೇಕು ಎಂಬುದನ್ನು ಕಂಪನಿ ನಿರ್ಧರಿಸಿರುತ್ತದೆ. ಎರಡನೆಯದು ಕಂಪನಿಯೇ ಲಿನಕ್ಸ್‌ಗೆ ಕೊಡುವ ಲೈಬ್ರರಿ, ಮೇಲೆ ಹೇಳಿದ ಥರ್ಮೋದಂತೆ. ಬ್ರೂಕರ್ ಕೂಡ ಟಿಮ್ಸ್‌ಟಾಫ್‌ಗೆ ಇಂಥದ್ದು ಕೊಡುತ್ತದೆ. ಓದಲು ಬಿಟ್ಟಿದ್ದಾರೆ, ಹೇಗೆ ಓದುತ್ತೇವೆಂದು ತೋರಿಸಿಲ್ಲ: ಅರೆ ತೆರೆದ ಬಾಗಿಲು.

ಮೂರನೆಯದು ವಿಂಡೋಸ್ ಲೈಬ್ರರಿಯನ್ನು ವೈನ್ ಎಂಬ ಪದರದ ಮೂಲಕ ಲಿನಕ್ಸ್‌ನಲ್ಲೇ ಓಡಿಸುವುದು. ಪ್ರೋಟಿಯೋವಿಜಾರ್ಡ್ ತಂಡ ವೈನ್ ಸಮೇತ ಎಲ್ಲವನ್ನೂ ಒಂದು ಡಾಕರ್ ಕಂಟೇನರಿನಲ್ಲಿ ಕಟ್ಟಿಟ್ಟಿದೆ. ತಯಾರಕರ ಪರವಾನಗಿಗಳಿಗೆ ನಾನು ಒಪ್ಪಿದ್ದೇನೆ ಎಂಬ ವಾಕ್ಯವನ್ನೇ ಆ ಕಂಟೇನರಿನ ಹೆಸರಿಗೆ ಸೇರಿಸಿದ್ದಾರೆ. ಆದೇಶ ಟೈಪ್ ಮಾಡಿದವರು ಒಪ್ಪಿಗೆಯನ್ನೂ ಟೈಪ್ ಮಾಡಿದಂತಾಯಿತು. ಕಾನೂನು ಸಲಹೆಗಾರರು ತಂತ್ರಾಂಶಕ್ಕೆ ಹೆಸರಿಟ್ಟರೆ ಹೀಗಾಗುತ್ತದೆ.

ನಾಲ್ಕನೆಯದು ಬೈಟುಗಳನ್ನು ನೋಡಿ ನೋಡಿ ವಿನ್ಯಾಸವನ್ನು ಊಹಿಸಿ ಬರೆದ ಸ್ವತಂತ್ರ ತಂತ್ರಾಂಶ. ಒಂದೇ ಮಾದರಿಯನ್ನು ಉಪಕರಣದಲ್ಲಿ ಎರಡು ಸಲ, ಒಂದೇ ಒಂದು ಸೆಟ್ಟಿಂಗ್ ಬದಲಿಸಿ ಅಳೆದು, ಎರಡು ಫೈಲುಗಳಲ್ಲಿ ಎಲ್ಲಿ ಬೈಟು ಬದಲಾಯಿತೆಂದು ಹುಡುಕುವುದು ಇದರ ಮೂಲ ತಂತ್ರ. ಆರಿಜಿನ್ ಗ್ರಾಫ್ ಫೈಲುಗಳಿಗೆ ಲಿಬ್‌ಆರಿಜಿನ್ ಹುಟ್ಟಿದ್ದು ಹೀಗೆ. ಪರಮಾಣು ಬಲ ಮೈಕ್ರೋಸ್ಕೋಪಿನವರಿಗೆ ಜೆಕ್ ದೇಶದಲ್ಲಿ ಹುಟ್ಟಿದ ಗ್ವಿಡ್ಡಿಯನ್ ಇದೆ. ಡೆಬಿಯನ್ ಭಂಡಾರದಿಂದಲೇ ಹಾಕಿಕೊಳ್ಳಬಹುದು, ಹತ್ತಾರು ಕಂಪನಿಗಳ ಫೈಲು ತೆರೆಯುತ್ತದೆ. ಇವನ್ನು ಬರೆದವರಿಗೆ ಕೃತಜ್ಞರಾಗಿರಬೇಕು, ಆದರೆ ಕಣ್ಣುಮುಚ್ಚಿ ನಂಬಬಾರದು. ಕಂಪನಿ ಹೊಸ ಆವೃತ್ತಿ ಬಿಟ್ಟ ದಿನ ಊಹೆ ಹಳತಾಗುತ್ತದೆ.

ರಾಮನಗರದ ಕಲ್ಲು ಮತ್ತು 26.6 ಡಿಗ್ರಿ

ನಂಬುವ ಮೊದಲು ಪರೀಕ್ಷಿಸುವುದು ಹೇಗೆಂಬುದಕ್ಕೆ ರಾಮನಗರದ ಕಲ್ಲನ್ನೇ ತೆಗೆದುಕೊಳ್ಳೋಣ. ಅಲ್ಲಿನ ಬಂಡೆಗಳು ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಾದ ಪಟ್ಟಿಗೆ ಸೇರಿವೆ. ಊರಿಗೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರು ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ ಬಂದದ್ದು. ಉತ್ತರ–ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದ ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಬಿಳಿ ಮಬ್ಬು ಕ್ವಾರ್ಟ್ಸ್, ನಸುಗೆಂಪು ಫೆಲ್ಡ್‌ಸ್ಪಾರ್, ಕಪ್ಪು ಬಯೋಟೈಟ್ ಇವು ಬರಿಗಣ್ಣಿಗೇ ಕಾಣುತ್ತವೆ.

ಚೂರೊಂದನ್ನು ಪುಡಿ ಮಾಡಿ ಎಕ್ಸ್-ರೇ ಡಿಫ್ರಾಕ್ಟೋಮೀಟರಿಗೆ ಇಟ್ಟು, 10 ಡಿಗ್ರಿಯಿಂದ 80 ಡಿಗ್ರಿವರೆಗೆ 0.02 ಡಿಗ್ರಿ ಹೆಜ್ಜೆಯಲ್ಲಿ ಅಳೆದರೆ 3,501 ಬಿಂದುಗಳು ಬರುತ್ತವೆ. ಬಿಂದುವಿಗೆ ನಾಲ್ಕು ಬೈಟಾದರೆ 14,004 ಬೈಟು. ಫೈಲಿನ ಒಟ್ಟು ಗಾತ್ರದಲ್ಲಿ ಇದನ್ನು ಕಳೆದರೆ ಉಳಿಯುವುದು ಶಿರೋಭಾಗ. ಕೋನಗಳನ್ನು ಬಹಳಷ್ಟು ಬೈನರಿ ಫೈಲುಗಳು ಬರೆಯುವುದೇ ಇಲ್ಲ. ಆರಂಭದ ಕೋನ ಮತ್ತು ಹೆಜ್ಜೆ ಶಿರೋಭಾಗದಲ್ಲಿರುತ್ತವೆ, ಮಿಕ್ಕದ್ದನ್ನು ಲೆಕ್ಕ ಹಾಕಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಕ್ಸೈಲಿಬ್ ಎಂಬ ಲೈಬ್ರರಿ ಬ್ರೂಕರ್, ರಿಗಾಕು, ಪ್ಯಾನಾಲಿಟಿಕಲ್ ಮೊದಲಾದವರ ಫೈಲುಗಳನ್ನು ಓದಿ ಎರಡು ಕಂಬಸಾಲಿನ ಪಠ್ಯ ಮಾಡಿಕೊಡುತ್ತದೆ: ಎಡಕ್ಕೆ ಕೋನ, ಬಲಕ್ಕೆ ಎಣಿಕೆ.

ಈಗ ಪರೀಕ್ಷೆ. ತಾಮ್ರದ ಟ್ಯೂಬಿನಲ್ಲಿ ಕ್ಷ-ಕಿರಣದ ತರಂಗಾಂತರ 1.5406 ಆಂಗ್‌ಸ್ಟ್ರಾಮ್, ಅದರಲ್ಲಿ ಕ್ವಾರ್ಟ್ಸ್‌ನ ಅತಿ ಎತ್ತರದ ಪೀಕು 26.6 ಡಿಗ್ರಿಯ ಬಳಿ ಬರಬೇಕು. ಫೆಲ್ಡ್‌ಸ್ಪಾರ್‌ನ ಪೀಕುಗಳು ಅದರ ಬಲಕ್ಕೆ, 27–28ರ ನಡುವೆ. ಗ್ರಾನೈಟಿನಲ್ಲಿ ಕ್ವಾರ್ಟ್ಸ್ ಇಲ್ಲದಿರಲು ಸಾಧ್ಯವಿಲ್ಲವಾದ್ದರಿಂದ ಪರಿವರ್ತಿಸಿದ ಫೈಲಿನಲ್ಲಿ ಅದು 26.6ರಲ್ಲಿ ಕಾಣದಿದ್ದರೆ ತಪ್ಪು ಕಲ್ಲಿನದಲ್ಲ. ಆರಂಭದ ಕೋನ ತಪ್ಪಾಗಿ ಓದಿದ್ದರೆ ಇಡೀ ರೇಖೆ ಪಕ್ಕಕ್ಕೆ ಸರಿದಿರುತ್ತದೆ. ಹೆಜ್ಜೆ ತಪ್ಪಿದ್ದರೆ ರೇಖೆ ಹಿಗ್ಗಿಯೋ ಕುಗ್ಗಿಯೋ ಇರುತ್ತದೆ. ಪೀಕು 31 ಡಿಗ್ರಿಯ ಬಳಿ ಕಂಡರೆ ಪರಿವರ್ತನೆ ಸರಿಯಾಗಿಯೇ ಇರಬಹುದು, ಆದರೆ ಯಂತ್ರದಲ್ಲಿದ್ದದ್ದು ತಾಮ್ರವಲ್ಲ, ಕೋಬಾಲ್ಟ್ ಟ್ಯೂಬು. ಎರಡು ಕಂಬಸಾಲಿನ ಪಠ್ಯದಲ್ಲಿ ಟ್ಯೂಬಿನ ಹೆಸರಿಗೆ ಜಾಗವೇ ಇಲ್ಲ. ಮೂಲ ಫೈಲಿನಲ್ಲಿದ್ದ ಆ ಒಂದು ಸಂಗತಿ ಪರಿವರ್ತನೆಯಲ್ಲಿ ಉದುರಿಹೋದರೆ ಐದು ವರ್ಷದ ನಂತರ ಆ ಫೈಲು ತೆರೆದವರು ಖನಿಜವನ್ನೇ ತಪ್ಪಾಗಿ ಹೆಸರಿಸಬಹುದು.

ಉದುರಿಹೋಗುವ ಸಂಗತಿಗಳು

ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇದರ ಗಂಭೀರ ರೂಪವಿದೆ. ಯಂತ್ರ ಅಳೆಯುವುದು ಪೂರ್ಣ ಗುಡ್ಡದಂಥ ಪೀಕನ್ನು. ಸಂಗ್ರಹಿಸುವಾಗ ಅದನ್ನು ಒಂದೇ ಕಡ್ಡಿಯಾಗಿ ಇಳಿಸುವುದುಂಟು. ಈ ಇಳಿಸುವಿಕೆಗೆ ಕಂಪನಿಯ ಸೂತ್ರವೇ ಒಂದು, ಮುಕ್ತ ತಂತ್ರಾಂಶದ ಸೂತ್ರವೇ ಇನ್ನೊಂದು, ಫಲಿತಾಂಶಗಳು ಒಂದೇ ಅಲ್ಲ. ಎಂಎಸ್‌ಕನ್ವರ್ಟಿನಲ್ಲಿ ಕಂಪನಿಯ ಸೂತ್ರ ಬೇಕಿದ್ದರೆ ಆ ಆಯ್ಕೆಯನ್ನು ಫಿಲ್ಟರುಗಳ ಸಾಲಿನಲ್ಲಿ ಮೊದಲಿಗೇ ಇಡಬೇಕು. ಎರಡನೆಯದಾಗಿಟ್ಟರೆ ಕೇಳಿದ್ದು ಆಗುವುದಿಲ್ಲ. ಕಡ್ಡಿ ಮಾಡಿದ ಫೈಲಿನಿಂದ ಗುಡ್ಡವನ್ನು ಮರಳಿ ಪಡೆಯಲಾಗದು, ಆದ್ದರಿಂದ ಮೂಲ ಫೈಲನ್ನು ಅಳಿಸಬಾರದು.

ಬೈಟುಗಳ ಅನುಕ್ರಮ ಹಳೆಯ ತಂಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂಥ ಎನ್‌ಎಂಆರ್ (ನ್ಯೂಕ್ಲಿಯರ್ ಕಾಂತೀಯ ಅನುರಣನ) ಕೇಂದ್ರಗಳಲ್ಲಿ ದಶಕಗಳ ಹಳೆಯ ಅಳತೆಗಳು ಇರುವುದು ಸಹಜ. ಬ್ರೂಕರ್ ಎನ್‌ಎಂಆರ್‌ಗಳ ಹಿಂದೊಮ್ಮೆ ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರುಗಳಿದ್ದವು, ಅವು ದೊಡ್ಡ ಬೈಟನ್ನು ಮೊದಲು ಬರೆಯುತ್ತಿದ್ದವು; ಇಂದಿನ ಪಿಸಿ ಚಿಕ್ಕದನ್ನು ಮೊದಲು ಬರೆಯುತ್ತದೆ. ಬ್ರೂಕರ್ ಇದನ್ನು ಮುಚ್ಚಿಟ್ಟಿಲ್ಲ. ಅಳತೆಯ ಜೊತೆಗಿರುವ ಪಠ್ಯ ಫೈಲಿನಲ್ಲಿ ‘ಬೈಟಾರ್ಡ’ ಎಂಬ ಸಾಲು 0 ಇದ್ದರೆ ಚಿಕ್ಕದು ಮೊದಲು, 1 ಇದ್ದರೆ ದೊಡ್ಡದು ಮೊದಲು. ಎನ್‌ಎಂಆರ್‌ಗ್ಲೂ ಎಂಬ ಪೈಥಾನ್ ಲೈಬ್ರರಿ ಆ ಸಾಲನ್ನು ನೋಡಿಯೇ ಓದುತ್ತದೆ. ಆಮೇಲೂ ಆರಂಭದ ಹತ್ತಾರು ಬಿಂದುಗಳು ವಿಚಿತ್ರವಾಗಿ ಕಾಣುತ್ತವೆ. ಅದು ಯಂತ್ರದ ಡಿಜಿಟಲ್ ಫಿಲ್ಟರಿನ ತಡ, ಅದನ್ನು ಬೇರೆಯಾಗಿ ತೆಗೆಯಬೇಕು.

ಇನ್ನು ಕ್ಷುಲ್ಲಕವೆನಿಸಿದರೂ ದಿನ ಹಾಳುಮಾಡುವ ಸಂಗತಿಗಳು. ಸಮಯವನ್ನು ಕೆಲವು ವಿಂಡೋಸ್ ಫೈಲುಗಳು 1601ರ ಜನವರಿ 1ರಿಂದ ಎಣಿಸುತ್ತವೆ, ಕೆಲವು 1899ರ ಡಿಸೆಂಬರ್ 30ರಿಂದ; ಲಿನಕ್ಸ್ 1970ರಿಂದ. ಬೆಳಿಗ್ಗೆ 10ಕ್ಕೆ ಅಳೆದದ್ದು 4.30 ಎಂದು ಕಂಡರೆ ಭಾರತೀಯ ಕಾಲಮಾನದ ಐದೂವರೆ ಗಂಟೆ ಕಳೆದುಹೋಗಿದೆ ಎಂದರ್ಥ. ಜರ್ಮನ್ ಸೆಟ್ಟಿಂಗಿನ ಯಂತ್ರ ದಶಮಾಂಶಕ್ಕೆ ಬಿಂದುವಿನ ಬದಲು ಅಲ್ಪವಿರಾಮ ಹಾಕುತ್ತದೆ. ಸಿಎಸ್‌ವಿಯಲ್ಲಿ 26,64 ಎಂಬುದು ಎರಡು ಕಂಬಸಾಲಾಗಿ ಒಡೆಯುತ್ತದೆ. ಮೈಕ್ರೋ ಚಿಹ್ನೆ, ಡಿಗ್ರಿ ಚಿಹ್ನೆಗಳು ಹಳೆಯ ವಿಂಡೋಸ್ ಸಂಕೇತದಲ್ಲಿದ್ದರೆ ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಐಕಾನ್ವ್ ಆದೇಶ ಅದನ್ನು ಸರಿಪಡಿಸುತ್ತದೆ.

ಮೈಕ್ರೋಸ್ಕೋಪಿನವರ ಸ್ಥಿತಿ ಇವರೆಲ್ಲರಿಗಿಂತ ವಾಸಿ. ಬಯೋ-ಫಾರ್ಮ್ಯಾಟ್ಸ್ ಎಂಬ ಜಾವಾ ಲೈಬ್ರರಿ 150ಕ್ಕೂ ಹೆಚ್ಚು ಬಗೆಯ ಚಿತ್ರ ಫೈಲುಗಳನ್ನು ಓದಿ ಒಎಂಇ-ಟಿಫ್ ಎಂಬ ಮುಕ್ತ ರೂಪಕ್ಕೆ ತಂದುಕೊಡುತ್ತದೆ. ಲಿನಕ್ಸ್‌ನಲ್ಲಿ ಫಿಜಿ ಎಂಬ ಚಿತ್ರ ತಂತ್ರಾಂಶ ಹಾಕಿಕೊಂಡರೆ ಅದೂ ಜೊತೆಗೇ ಬರುತ್ತದೆ. ಫ್ಲೋ ಸೈಟೋಮೀಟರಿನವರು 1984ರಲ್ಲೇ ಎಫ್‌ಸಿಎಸ್ ಎಂಬ ಸಾಮಾನ್ಯ ಮಾನಕಕ್ಕೆ ಒಪ್ಪಿದರು. ಕಂಪನಿಗಳು ನೂರಿದ್ದರೂ ಫೈಲಿನ ಮೊದಲ ಮೂರು ಅಕ್ಷರ ಎಲ್ಲದರಲ್ಲೂ ಒಂದೇ. ಮೇಜಿನ ಮೇಲಿನ ಉಪಕರಣಕ್ಕೂ ಬ್ಯಾಲಾಳಿನ ದಾರಿ ಸಾಧ್ಯವೆಂಬುದಕ್ಕೆ ಇದೇ ಪುರಾವೆ.

ಕಾನೂನು, ಟೆಂಡರ್

ವಿನ್ಯಾಸವನ್ನು ಊಹಿಸಿ ಓದುವುದು ಅಪರಾಧವೇ ಎಂಬ ಅಳುಕು ಸಂಶೋಧಕರಲ್ಲಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೆ 1999ರಲ್ಲಿ ತಂದ ತಿದ್ದುಪಡಿ ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ತಂತ್ರಾಂಶವನ್ನು ಕಾನೂನುಬದ್ಧವಾಗಿ ಹೊಂದಿರುವವರು, ಸ್ವತಂತ್ರವಾಗಿ ರಚಿಸಿದ ಇನ್ನೊಂದು ತಂತ್ರಾಂಶ ಅದರೊಂದಿಗೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆಡೆ ಸುಲಭವಾಗಿ ಸಿಗದಿದ್ದಾಗ, ಅದನ್ನು ಪಡೆಯಲು ಮಾಡುವ ಕೆಲಸವನ್ನು 52ನೇ ಕಲಂ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಕೊಳ್ಳುವಾಗ ಸಹಿ ಹಾಕಿದ ಪರವಾನಗಿಯ ಷರತ್ತುಗಳು ಬೇರೆ ಪ್ರಶ್ನೆ. ಅವನ್ನು ಓದಿ ಸಹಿ ಹಾಕುವವರು ವಿರಳ.

ಕೇಂದ್ರ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನೂ 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿಯನ್ನೂ ತಂದಿತು. ಎರಡರ ಗಮನವೂ ಕಚೇರಿ ತಂತ್ರಾಂಶದ ಮೇಲೆ. ಪ್ರಯೋಗಾಲಯದ ಟೆಂಡರಿನಲ್ಲಿ ಡಿಟೆಕ್ಟರಿನ ಸೂಕ್ಷ್ಮತೆಗೆ ಪುಟಗಟ್ಟಲೆ ಇರುತ್ತದೆ. ಮೂಲ ದತ್ತಾಂಶವನ್ನು ಎಲ್ಲ ವಿವರಗಳೊಂದಿಗೆ ಮುಕ್ತ ರೂಪದಲ್ಲಿ, ಒಟ್ಟಿಗೆ ಸಾವಿರ ಫೈಲಿನಂತೆ ಕೊಡಬೇಕು ಎಂಬ ಒಂದು ಸಾಲು ಸೇರಿಸಲು ಸರಿಯಾದ ಸಮಯ ಅದೇ. ಹಣ ಪಾವತಿಯಾದ ಮೇಲೆ ಕಂಪನಿಗೆ ಆ ಕೋರಿಕೆಯಲ್ಲಿ ಆಸಕ್ತಿ ಇರುವುದಿಲ್ಲ. ಉಪಕರಣ ಹದಿನೈದು ವರ್ಷ ಬಾಳುತ್ತದೆ, ಅದರ ವಿಂಡೋಸ್ ಅಷ್ಟು ಬಾಳುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ. ಬೆಂಬಲ ನಿಂತ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿ, ಪಕ್ಕದಲ್ಲೊಂದು ಲಿನಕ್ಸ್ ಯಂತ್ರ ಇಟ್ಟು, ಅದು ಜಾಲದಲ್ಲಿ ಹಂಚಿಕೊಂಡ (ಸಾಂಬಾ) ಫೋಲ್ಡರಿಗೆ ಮಾತ್ರ ಫೈಲು ಬೀಳುವಂತೆ ಮಾಡುವುದು ಕಡಿಮೆ ಖರ್ಚಿನ ಏರ್ಪಾಡು. ಫೈಲು ಬಿದ್ದ ಕೂಡಲೇ ಚೆಕ್‌ಸಮ್ ಬರೆದು, ಪರಿವರ್ತಿಸಿ, ಮೂಲವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕುವ ಪುಟ್ಟ ಸ್ಕ್ರಿಪ್ಟ್ ಅದರಲ್ಲಿ ಓಡುತ್ತಿರಬಹುದು.

ಫೈಲೇ ಇಲ್ಲದ ದಾರಿ

ಸಣ್ಣ ಉಪಕರಣಗಳಲ್ಲಿ ಪರಿವರ್ತನೆಯ ಗೋಜನ್ನೇ ತಪ್ಪಿಸಿಕೊಳ್ಳಬಹುದು. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳಿಗೆ ರೈತರು ತರುವ ಮಣ್ಣಿಗೆ 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳ ಫಲಿತಾಂಶ ಬರೆದುಕೊಡಬೇಕು: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕದಿಂದ ಹಿಡಿದು ಸತು, ಬೋರಾನ್‌ವರೆಗೆ. ಮಣ್ಣು ಪರೀಕ್ಷೆಯಲ್ಲಿ ಬಳಕೆಯಾಗುವ ಪಿಎಚ್ ಮೀಟರ್, ತಕ್ಕಡಿ, ಸ್ಪೆಕ್ಟ್ರೋಫೋಟೋಮೀಟರುಗಳಲ್ಲಿ ಬಹಳಷ್ಟಕ್ಕೆ ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತದೆ. ಅದರ ಮೂಲಕ ಹರಿಯುವುದು ಸಾಮಾನ್ಯವಾಗಿ ಸರಳ ಪಠ್ಯ, ಕೈಪಿಡಿಯ ಕೊನೆಯ ಪುಟಗಳಲ್ಲಿ ಅದರ ವಿವರವೂ ಇರುತ್ತದೆ. ಯುಎಸ್‌ಬಿ ಪರಿವರ್ತಕ ಕೇಬಲ್ ಸಿಕ್ಕಿಸಿದರೆ ಲಿನಕ್ಸ್ ಅದನ್ನು ಬೇರೆ ಡ್ರೈವರ್ ಕೇಳದೆ ಗುರುತಿಸುತ್ತದೆ. ವೇಗವನ್ನು ಕೈಪಿಡಿ ಹೇಳಿದಂತೆ 9600ಕ್ಕೋ 2400ಕ್ಕೋ ಹೊಂದಿಸಿ, ಪೈಥಾನಿನ ಪೈಸೀರಿಯಲ್‌ನಿಂದ ಸಾಲು ಸಾಲಾಗಿ ಓದಿಕೊಳ್ಳಬಹುದು. ಪರದೆಯ ಅಂಕಿ ನೋಡಿ ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಟೈಪ್ ಮಾಡುವ ರೂಢಿಯಲ್ಲಿ 6.8 ಎಂಬುದು 8.6 ಆಗುವ ಅಪಾಯ ಇಲ್ಲಿಲ್ಲ.

ಶಾಲೆಯ ಪ್ರಯೋಗಗಳಿಗೂ ಪರಿವರ್ತನೆ ಬೇಡದ ಉಪಕರಣವಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ರೂಢಿಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲೇ ಅದನ್ನು ಕಲಿಯುತ್ತಾರೆ. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ ಎಕ್ಸ್‌ಪೈಸ್ ಎಂಬ ಪುಟ್ಟ ಭೌತವಿಜ್ಞಾನ ಉಪಕರಣ ಇಂಥ ಕಂಪ್ಯೂಟರಿಗೇ ಹೊಂದುತ್ತದೆ. ಅದರ ಸರ್ಕ್ಯೂಟ್ ನಕ್ಷೆ, ತಂತ್ರಾಂಶ ಎರಡೂ ಪ್ರಕಟವಾಗಿವೆ. ಲೋಲಕದ ಆಂದೋಲನವನ್ನೋ ಕೆಪಾಸಿಟರ್ ಬರಿದಾಗುವುದನ್ನೋ ಅಳೆದರೆ ಅದು ಉಳಿಸುವುದು ಕಾಲ ಒಂದು ಕಡೆ, ವೋಲ್ಟೇಜ್ ಇನ್ನೊಂದು ಕಡೆ ಇರುವ ಪಠ್ಯ ಫೈಲು.